ಎರೆಹೊಲದಲ್ಲಿ ಹಕ್ಕಿಪಾಲು: ಮಾನ್ವಿ ಪರಿಸರದ ಕೃಷಿ ಜಾನಪದದ ಒಂದು ಚಾರಿತ್ರಿಕ ಅವಲೋಕನ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಚರಿತ್ರಕಾರರು ರಾಯಚೂರು ದೋಆಬ್ ಎಂದು ಕರೆಯುತ್ತ ಬಂದಿದ್ದಾರೆ. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು ಈ ನೆಲಕ್ಕಾಗಿ ಕಾದಾಡಿದ ಕಥೆ, ಅದರಲ್ಲಿಯೂ 1520ರ ರಾಯಚೂರು ಯುದ್ಧದ ಕಥೆ, ಪಠ್ಯಪುಸ್ತಕಗಳಲ್ಲಿ ನೆಲೆನಿಂತಿದೆ. ಆದರೆ ಅರಸೊತ್ತಿಗೆಗಳು ಬದಲಾದರೂ ಬದಲಾಗದೆ ಉಳಿದ ಇನ್ನೊಂದು ಕಾದಾಟ ಈ ಸೀಮೆಯಲ್ಲಿ ನಡೆದು ಬಂದಿದೆ. ಅದು ಬಿತ್ತಿದವನಿಗೂ ಬಿತ್ತದೆ ಉಣ್ಣಬಂದ ಗಿಳಿ, ಗುಬ್ಬಿ, ಚಿಗರಿ, ಹಂದಿ, ನವಿಲುಗಳಿಗೂ ನಡುವಣದು. ಬೆಳೆಯ ಮೇಲೆ ಇವುಗಳಿಗೆ ಪಾಲು ಉಂಟೇ, ಉಂಟಾದರೆ ಎಷ್ಟು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಮಾನ್ವಿ, ದೇವದುರ್ಗ, ರಾಯಚೂರು ಪರಿಸರದ ರೈತಾಪಿ ಜನ ತಮ್ಮ ಆಚರಣೆಗಳಲ್ಲಿ, ಉಪಕರಣಗಳಲ್ಲಿ, ಶಬ್ದಗಳಲ್ಲಿ ಕೊಟ್ಟುಕೊಂಡ ಉತ್ತರವನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಜನಪದರು ಸಕಲ ಜೀವರಾಶಿಯನ್ನೂ ಪ್ರೀತಿಸಿದರು ಎಂಬ ಮಾತು ಜಾನಪದ ಬರಹಗಳಲ್ಲಿ ಸವೆದ ನಾಣ್ಯವಾಗಿದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧದ ಮೇಲೆ ನಿಂತದ್ದು. ಚರಗ ಚೆಲ್ಲಿದ ಕೈಯೇ ಕವಣೆ ಬೀಸಿದೆ ಎಂಬುದನ್ನು ಮರೆತರೆ ಚರಗದ ಅರ್ಥವೂ ಕೈತಪ್ಪುತ್ತದೆ.

ಈ ನೆಲದಲ್ಲಿ ಮನುಷ್ಯನೂ ಮೃಗವೂ ಎದುರುಬದುರಾಗಿ ನಿಂತ ಚರಿತ್ರೆ ಬಹಳ ಹಿಂದಿನದು. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಅವರು 1952ರಲ್ಲಿ ನಡೆಸಿದ ಉತ್ಖನನ ನವಶಿಲಾಯುಗದ ಪಶುಪಾಲಕರ ನೆಲೆಯೊಂದನ್ನು ಬೆಳಕಿಗೆ ತಂದಿತು. ಅಲ್ಲಿನ ಬಂಡೆಗಳ ಮೇಲೆ ದನಗಳ ಚಿತ್ರಗಳೊಡನೆ ಕಾಡುಮೃಗಗಳ ಚಿತ್ರಗಳೂ ಇವೆ. ಅದಕ್ಕೂ ಹೆಚ್ಚು ಗಮನಾರ್ಹವಾದುದು ಅಶೋಕನ ಕಾಲದ ಸಾಕ್ಷ್ಯ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಮಸ್ಕಿಯಲ್ಲಿ ಕಂಡ ಶಾಸನ ಚಕ್ರವರ್ತಿಯ ಹೆಸರನ್ನು ಜಗತ್ತಿಗೆ ಸ್ಪಷ್ಟಪಡಿಸಿದ್ದರಿಂದ ಪ್ರಸಿದ್ಧವಾಯಿತು. ಮಸ್ಕಿಯ ಬಂಡೆ ಗಿಡಮರಗಳ ಬಗೆಗಾಗಲಿ ಮೃಗಪಕ್ಷಿಗಳ ಬಗೆಗಾಗಲಿ ಏನನ್ನೂ ಹೇಳುವುದಿಲ್ಲ. ಆದರೆ ತುಂಗಭದ್ರೆಯ ಆಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅದೇ ಅರಸನ ಹಿರಿಯ ಬಂಡೆಶಾಸನಗಳಿವೆ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ಔಷಧಿಯ ಗಿಡಗಳನ್ನು ನೆಡಿಸಿದುದನ್ನೂ ದಾರಿಯಲ್ಲಿ ಬಾವಿ ತೋಡಿಸಿ ಮರ ಹಚ್ಚಿಸಿದುದನ್ನೂ ತಿಳಿಸುತ್ತದೆ. ಮೊದಲನೆಯದು ಅರಮನೆಯ ಅಡುಗೆಗೆ ಕೊಲ್ಲುತ್ತಿದ್ದ ಪ್ರಾಣಿಗಳ ಲೆಕ್ಕ ಕೊಡುತ್ತದೆ. ಹಿಂದೆ ಲಕ್ಷಗಟ್ಟಲೆ ಇದ್ದುದು ಶಾಸನ ಬರೆಸುವ ಹೊತ್ತಿಗೆ ದಿನಕ್ಕೆ ಮೂರಕ್ಕೆ ಇಳಿದಿತ್ತು: ಎರಡು ನವಿಲು, ಒಂದು ಮೃಗ, ಆ ಮೃಗವೂ ನಿತ್ಯವಲ್ಲ. ಕೊನೆಯವರೆಗೂ ಅರಸನ ತಟ್ಟೆಯಲ್ಲಿ ಉಳಿದ ಈ ಎರಡು ಜೀವಗಳೇ ಇಂದು ದೋಆಬಿನ ರೈತನ ಮುಖ್ಯ ದೂರಿಗೆ ಕಾರಣವಾಗಿವೆ ಎಂಬುದು ಚರಿತ್ರೆಯ ಒಂದು ವಿನೋದ. ಎರಡೂ ಶಾಸನಗಳು ಅರಸನ ದೃಷ್ಟಿಯಿಂದ ಹೊರಟವು. ಹೊಲದಲ್ಲಿ ನಿಂತವನ ದೃಷ್ಟಿಯನ್ನು ಅರಿಯಲು ಬೇರೆ ಬಗೆಯ ದಾಖಲೆಗಳನ್ನು ಹುಡುಕಬೇಕಾಗುತ್ತದೆ.

ಅಂಥ ದಾಖಲೆಗಳಲ್ಲಿ ಮೊದಲನೆಯದು ಹೊಲವೇ. ಕಾಲುವೆ ಬರುವ ಮುಂಚಿನ ಮಾನ್ವಿ ಸೀಮೆಯ ಎರೆಹೊಲ ಒಂದೇ ಬೆಳೆಯ ಬಯಲಾಗಿರಲಿಲ್ಲ. ಹಿಂಗಾರಿಯ ಬಿಳಿಜೋಳದೊಡನೆ ಕಡಲೆ, ಕುಸುಬೆ, ಅಗಸೆ. ಮುಂಗಾರಿಯಲ್ಲಿ ಸಜ್ಜೆ, ತೊಗರಿ, ಹೆಸರು, ಎಳ್ಳು, ನಡುನಡುವೆ ಅಕ್ಕಡಿ ಸಾಲು, ಅಂಚಿಗೆ ಪುಂಡಿ. ಬದುವಿನ ಮೇಲೆ ಬನ್ನಿ, ಕರಿಜಾಲಿ, ಬೇವು, ಬಾರಿ. ಹಳ್ಳದ ದಂಡೆಗೆ ಈಚಲು, ಅತ್ತಿ. ಊರ ಮುಂದೆ ಆಲ, ಅರಳಿ, ಹುಣಸೆ. ಬಿತ್ತದೆ ಬರುವ ಹಕ್ಕರಕಿ, ಕಿರಕಸಾಲಿಯಂಥ ಸೊಪ್ಪುಗಳು ಹೆಂಗಸರ ಉಡಿಗೂ ಬರುತ್ತಿದ್ದವು, ಮೊಲದ ಬಾಯಿಗೂ ಹೋಗುತ್ತಿದ್ದವು. ಇಂದು ಪಟ್ಟಣಗಳಲ್ಲಿ ನಾಡಗಿಡಗಳ ತೋಟ ಎಂದು ಪ್ರಯತ್ನಪೂರ್ವಕವಾಗಿ ಮಾಡುವುದು ಇಲ್ಲಿ ಹೊಲದ ಅಂಚಿನಲ್ಲಿ ತಾನಾಗಿ ಇತ್ತು. ಹಾಗೆಂದು ನಾಡಗಿಡ ಎಂಬ ಮಾತನ್ನು ತೀರ ಬಿಗಿಯಾಗಿ ಹಿಡಿಯುವುದೂ ಸಲ್ಲದು. ಜೋಳ ಮತ್ತು ಸಜ್ಜೆಗಳ ಮೂಲ ಆಫ್ರಿಕ. ಶೇಂಗಾ ಮತ್ತು ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಕಾಲದ ನಂತರ ಬಂದವು. ಜನಪದರು ಗಿಡದ ಹುಟ್ಟೂರನ್ನು ಕೇಳಿದವರಲ್ಲ. ಊರಿನ ಉಳಿದ ಜೀವಗಳೊಡನೆ ಅದು ಹೊಂದಿಕೊಂಡಿತೇ ಎಂಬುದಷ್ಟೇ ಅವರ ಅಳತೆಯಾಗಿತ್ತು.

ಬನ್ನಿಯ ಉದಾಹರಣೆಯನ್ನು ಇಲ್ಲಿ ನೋಡಬಹುದು. ದಸರೆಯಲ್ಲಿ ಬಂಗಾರವಾಗಿ ಕೈಯಿಂದ ಕೈಗೆ ಹೋಗುವ ಅದರ ಎಲೆಗೆ ಇರುವ ಗೌರವದಿಂದಾಗಿ ಹೊಲದ ನಡುವೆ ನಿಂತ ಬನ್ನಿಗೆ ಕೊಡಲಿ ಹಾಕಲು ಜನ ಹಿಂಜರಿಯುತ್ತಾರೆ. ಆದರೆ ಆ ಗಿಡಕ್ಕೆ ಇನ್ನೊಂದು ಗುಣವಿದೆ. ಅದರ ಎಲೆ ಸಣ್ಣದು, ನೆರಳು ತೆಳುವು, ಬೇರು ಆಳದ್ದು. ಬುಡದಲ್ಲಿಯೂ ಜೋಳ ಬರುತ್ತದೆ. ಕಾಯಿ ಕುರಿಮೇಕೆಗೆ ಮೇವು, ಟೊಂಗೆ ಹಕ್ಕಿಗೆ ಗೂಡು. ಪೂಜ್ಯವಾದುದರಿಂದ ಉಳಿಯಿತೋ, ಹೊಲಕ್ಕೆ ಹೊರೆಯಾಗದುದರಿಂದ ಪೂಜ್ಯವಾಯಿತೋ ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಕಾರಣಗಳು ಜನಪದರ ನಡೆಯಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ.

ಇದೇ ಹೊಲದ ಅಂಚಿನಲ್ಲಿ ಪ್ರತಿರೋಧದ ಗಿಡಗಳೂ ಇದ್ದವು. ಜೋಳ ಕಡಲೆಗಳ ಸುತ್ತ ಮುಳ್ಳಿನ ಕುಸುಬೆಯನ್ನು ನಾಲ್ಕಾರು ಸಾಲು ಬಿತ್ತುವ ಪದ್ಧತಿ ದಖನ್ನಿನ ಒಣಬೇಸಾಯದಲ್ಲಿ ವ್ಯಾಪಕವಾಗಿದ್ದಿತು. ಎಣ್ಣೆಕಾಳೂ ಆಯಿತು, ದನ ಮೃಗಗಳ ಮೂತಿಗೆ ತಡೆಯೂ ಆಯಿತು. ತೆನೆಯ ತುಂಬ ಮುಳ್ಳಿನಂಥ ಕೂದಲಿರುವ ಸಜ್ಜೆಯನ್ನು ಗುಬ್ಬಿ ಸುಲಭವಾಗಿ ತಿನ್ನಲಾರದು; ಒಗರು ಹೆಚ್ಚಿರುವ ಕೆಂಪುಕಾಳಿನ ಜೋಳವನ್ನೂ ಹಕ್ಕಿಗಳು ಅಷ್ಟಾಗಿ ಮುಟ್ಟುವುದಿಲ್ಲ. ಬೀಜವನ್ನು ಆಯ್ದು ತೆಗೆದಿರಿಸುತ್ತಿದ್ದ ಹೆಂಗಸರು ಇದನ್ನು ಅರಿತಿದ್ದರೆನ್ನಲು ಅಡ್ಡಿಯಿಲ್ಲ. ಹೀಗೆ ಒಂದು ಅಂಚು ಕರೆಯುತ್ತಿತ್ತು, ಇನ್ನೊಂದು ತಡೆಯುತ್ತಿತ್ತು.

ಎರಡನೆಯ ದಾಖಲೆ ಆಚರಣೆಗಳದು. ಭಾದ್ರಪದದಲ್ಲಿ ಮನೆಮನೆಗೆ ಬರುವ ಜೋಕುಮಾರನ ಪ್ರಸಾದವನ್ನು ಹೊಲಕ್ಕೆ ಚೆಲ್ಲಿದರೆ ಹುಳುವಿನ ಕಾಟ ತಪ್ಪುತ್ತದೆಂಬ ನಂಬಿಕೆ ಇದೆ. ಅದನ್ನು ಇಲ್ಲಿ ಹೆಸರಿಸಿ ಮುಂದೆ ಹೋಗಬಹುದು. ಹೆಚ್ಚಿನ ವಿವೇಚನೆಗೆ ಅರ್ಹವಾದುದು ಎಳ್ಳಮಾವಾಸ್ಯೆ. ಮಾರ್ಗಶಿರದ ಕೊನೆಗೆ, ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಈ ಹಬ್ಬದಂದು ಕಲ್ಯಾಣ ಕರ್ನಾಟಕದ ಊರುಗಳು ಬರಿದಾಗಿ ಹೊಲಗಳು ತುಂಬುತ್ತವೆ. ಬನ್ನಿಯ ಬುಡದಲ್ಲೋ ಹೊಲದ ಒಂದು ಮಗ್ಗುಲಲ್ಲೋ ಐದು ಕಲ್ಲುಗಳನ್ನಿರಿಸಿ, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಲಾಗುತ್ತದೆ. ಸಜ್ಜೆರೊಟ್ಟಿ, ಕಡುಬು, ಎಳ್ಳುಹೋಳಿಗೆ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ ಮೊದಲಾದ ಅಡುಗೆಯನ್ನು ಕಲಸಿ, ಮುಂದಿನವನು ಚೆಲ್ಲುತ್ತ ಕೂಗು ಹಾಕಿದರೆ ಹಿಂದಿನವನು ನೀರು ಚಿಮುಕಿಸುತ್ತ ಮರುಕೂಗು ಹಾಕಿ ಹೊಲವನ್ನು ಸುತ್ತುತ್ತಾರೆ. ಇದೇ ಚರಗ. ಬಸುರಿ ಭೂತಾಯಿಯ ಬಯಕೆಯನ್ನು ತೀರಿಸುವ ಆಚರಣೆ ಇದು ಎಂಬ ವಿವರಣೆ ಸರ್ವವಿದಿತ. ಚೆಲ್ಲಿದ ಅನ್ನ ಇರುವೆ, ಹುಳು, ಹಕ್ಕಿ, ಅಳಿಲುಗಳ ಪಾಲೆಂದೂ ಜನ ಹೇಳುತ್ತಾರೆ.

ಈ ವಿವರಣೆಗಳ ಜೊತೆಗೆ ಕಾಲದ ಅಂಶವನ್ನೂ ಸೇರಿಸಿ ನೋಡುವುದು ಅವಶ್ಯ. ಎಳ್ಳಮಾವಾಸ್ಯೆಯ ಹೊತ್ತಿಗೆ ಹಿಂಗಾರಿ ಜೋಳ ಹೊಡೆ ತುಂಬಿ ತೆನೆಯೊಡೆಯುವ ಹದದಲ್ಲಿರುತ್ತದೆ. ಅಲ್ಲಿಂದ ಎರಡು ಮೂರು ವಾರಗಳಲ್ಲಿ ಹಾಲುಗಾಳು ಬೀಳುತ್ತದೆ. ಮನುಷ್ಯರು ಸೀತನಿ ಸುಡುವ ಕಾಲವೂ ಗಿಳಿವಿಂಡು ಇಳಿಯುವ ಕಾಲವೂ ಅದೇ. ಮಧ್ಯ ಏಷ್ಯದಿಂದ ಚಳಿಗಾಲಕ್ಕೆಂದು ಬರುವ ಗುಲಾಬಿ ಕಬ್ಬಕ್ಕಿಗಳು ಸಾವಿರಗಟ್ಟಲೆಯಾಗಿ ಮುತ್ತುವುದೂ ಆಗಲೇ. ಅಂದರೆ ಚರಗ ಚೆಲ್ಲಿದ ಕೆಲವೇ ದಿನಗಳಲ್ಲಿ ಹೊಲದ ನಡುವೆ ನಾಲ್ಕು ಗೂಟದ ಮಂಚಿಕೆ ಏಳುತ್ತದೆ, ಕವಣೆಗೆ ಹಗ್ಗ ಹೊಸೆಯಲಾಗುತ್ತದೆ. ಕೊಡುವುದನ್ನು ಮುಂಗಡವಾಗಿ ಕೊಟ್ಟು, ಬಳಿಕ ಕಾವಲಿಗೆ ನಿಲ್ಲುವ ಈ ಅನುಕ್ರಮ ಆಕಸ್ಮಿಕವೆಂದು ತೋರುವುದಿಲ್ಲ. ಪಾಲು ಸಂದಾಯವಾದ ಮೇಲೆ ಬಂದವನು ಕಳ್ಳ. ಅವನ ಮೇಲೆ ಕಲ್ಲು ಬೀಸಿದರೆ ದೋಷವಿಲ್ಲ ಎಂಬ ನ್ಯಾಯ ಇದರ ಹಿಂದೆ ಕೆಲಸ ಮಾಡಿದಂತಿದೆ. ಗುಲಾಬಿ ಕಬ್ಬಕ್ಕಿಯ ಮಟ್ಟಿಗೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಇಲ್ಲಿ ಜೋಳ ತಿನ್ನುವ ಈ ಹಕ್ಕಿ ಅಲ್ಲಿ ಮರಿ ಮಾಡುವ ಕಾಲದಲ್ಲಿ ಮಿಡತೆಗಳನ್ನು ರಾಶಿಗಟ್ಟಲೆ ತಿನ್ನುತ್ತದೆ. ಇಲ್ಲಿಯೂ ಆಲ ಅರಳಿಗಳ ಹಣ್ಣು ಸಿಕ್ಕರೆ ಅದಕ್ಕೆ ಬೇಕಾಗುತ್ತದೆ. ಊರ ಮುಂದಿನ ಆಲದ ಮರ ಹೊಲದ ಮೇಲಿನ ಭಾರವನ್ನು ಎಷ್ಟೋ ಇಳಿಸುತ್ತಿತ್ತು.

ಕಾವಲು ಕಾದವರು ಯಾರು? ಹಳಗನ್ನಡ ಕಾವ್ಯಗಳಲ್ಲಿ ಗಿಳಿ ಸೋವುವ ಪಾಮರಿಯರ ವರ್ಣನೆ ಒಂದು ರೂಢಿ. ಗದ್ದೆಯ ನಡುವೆ ನಿಂತು ಗಿಳಿಗಳನ್ನು ಓಡಿಸುವ ಹೆಣ್ಣಿನ ಕಣ್ಣು, ಕಂಠ, ಕೈಬೀಸುಗಳಲ್ಲಿ ಕವಿ ಚೆಲುವನ್ನು ಕಂಡ. ಮಂಚಿಕೆಯ ಮೇಲೆ ಮುಂಜಾವದಿಂದ ಮುಸ್ಸಂಜೆಯವರೆಗೆ ತಿಂಗಳುಗಟ್ಟಲೆ ನಿಲ್ಲುವುದು ಎಂಥ ದುಡಿಮೆ ಎಂಬುದು ಆ ವರ್ಣನೆಗಳಲ್ಲಿ ಬರುವುದಿಲ್ಲ. ವಾಸ್ತವದಲ್ಲಿ ಹಕ್ಕಿ ಕಾಯುವ ಕೆಲಸ ಬಿದ್ದದ್ದು ಬಹುಮಟ್ಟಿಗೆ ಮಕ್ಕಳ ಮೇಲೆ, ಮುದುಕರ ಮೇಲೆ, ಹೆಂಗಸರ ಮೇಲೆ; ಉಳ್ಳವರ ಹೊಲವಾದರೆ ಜೀತಕ್ಕಿದ್ದ ಹುಡುಗರ ಮೇಲೆ. ರಾತ್ರಿ ಹಂದಿ, ಚಿಗರಿಗಳ ಕಾವಲು ಗಂಡಸರದು. ಹಕ್ಕಿಗಳೊಡನೆ ಹಂಚಿಕೊಂಡ ಆ ಹೊಲದ ಬೆಲೆಯಲ್ಲಿ ಎಷ್ಟೋ ಮಕ್ಕಳ ಶಾಲೆ ಸೇರಿದೆ ಎಂಬುದನ್ನು ಜಾನಪದದ ಹೊಗಳಿಕೆ ಮುಚ್ಚಿಡಬಾರದು.

ಸುಗ್ಗಿಯಾದ ಮೇಲೆ ನ್ಯಾಯ ಮತ್ತೆ ಬದಲಾಗುತ್ತಿತ್ತು. ಕಣದಲ್ಲಿ ಮೇಟಿ ನೆಟ್ಟು, ಹಂತಿ ಹೂಡಿ, ರಾಶಿ ಮಾಡಿ ಪೂಜಿಸಿದ ನಂತರ ಕೊಳಗದಿಂದ ಅಳೆಯುವಾಗ ಮೊದಲ ಎಣಿಕೆಗೆ ಒಂದು ಎನ್ನದೆ ಲಾಭ ಎನ್ನುವ ಪದ್ಧತಿ ಪ್ರಸಿದ್ಧ. ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಅವರವರ ಆಯ ಸಲ್ಲುತ್ತಿದ್ದುದು ಅಲ್ಲಿಯೇ. ಕಣದ ಅಂಚಿಗೆ ಚೆದುರಿದ ಕಾಳನ್ನು ಪೂರ್ತಿ ಗುಡಿಸಿಕೊಳ್ಳುವುದು ಜಿಪುಣತನದ ಗುರುತಾಗಿತ್ತು. ಹೊಲದಲ್ಲಿ ಉದುರಿದ ತೆನೆಗೆ ಹಕ್ಕಲು ಎಂಬ ಹೆಸರೇ ಇದೆ. ಹಕ್ಕಲಾಯಲು ಬರುವ ಬಡ ಹೆಂಗಸರನ್ನು ತಡೆಯುವುದು ರೂಢಿಗೆ ವಿರುದ್ಧವಾಗಿತ್ತು. ಹಕ್ಕಿ, ಹಕ್ಕಲು, ಹಕ್ಕು ಎಂಬ ಮೂರು ಶಬ್ದಗಳು ಕಿವಿಗೆ ಒಂದೇ ಮನೆಯವಾಗಿ ಕೇಳಿಸುತ್ತವೆ. ಮೂರನೆಯದು ಅರಬ್ಬಿಯಿಂದ ಬಂದದ್ದಾದುದರಿಂದ ಅಲ್ಲಿ ನಿರುಕ್ತಿ ಕಟ್ಟಲು ಹೋಗಬಾರದು. ಆದರೆ ಹಕ್ಕಲಿನ ಹೊಲದಲ್ಲಿ ಕಾಳಿಗಾಗಿ ಬಾಗಿದ ದಲಿತ ಹೆಂಗಸೂ ಪಾರಿವಾಳವೂ ಅಕ್ಕಪಕ್ಕದಲ್ಲಿದ್ದುದು ಮಾತ್ರ ನಿಜ. ಆಯಗಾರನಿಗೆ ಅಳೆದು ಕೊಡುವ ಪಾಲು, ಇವರಿಬ್ಬರಿಗೆ ಉದುರಿದ್ದು ಮಾತ್ರ. ಹಂಚಿಕೆಯ ವ್ಯವಸ್ಥೆಯಲ್ಲಿ ಶ್ರೇಣಿ ಇತ್ತು. ಅದರ ಕೆಳತುದಿಯಲ್ಲಿ ಮನುಷ್ಯರೂ ಹಕ್ಕಿಗಳೂ ಒಂದಾಗಿ ನಿಂತಿದ್ದರು.

ಚಿಗರಿಯ ವಿಷಯ ಹಕ್ಕಿಯಷ್ಟು ಸರಳವಲ್ಲ. ಕೃಷ್ಣಮೃಗಕ್ಕೆ ಈ ಭಾಗದಲ್ಲಿ ಚಿಗರಿ ಎಂಬ ಹೆಸರು. ಬಯಲಿನ ಹುಲ್ಲು ತಿಂದು ಬದುಕುವ ಇದು ಹೊಲಕ್ಕೆ ಹೊಕ್ಕರೆ ಎಳೆಯ ಕಡಲೆ, ಹೆಸರು, ತೊಗರಿಗಳನ್ನು ಚಿವುಟುತ್ತದೆ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಇದಕ್ಕೆ ಕವಣೆ ಸಾಲದು. ಪಾರ್ಧಿ ಸಮುದಾಯದ ಒಂದು ಶಾಖೆಗೆ ಹರಣಶಿಕಾರಿ, ಚಿಗರಿಬೇಟೆಗಾರ ಎಂಬ ಹೆಸರುಗಳೇ ಇವೆ. ಪಳಗಿಸಿದ ಎತ್ತಿನ ಮರೆಯಲ್ಲಿ ಹಿಂಡಿನ ಸಮೀಪಕ್ಕೆ ಸರಿದು ಉರುಲಿಗೆ ಕೆಡಹುವ ಅವರ ಕೌಶಲವನ್ನು ಜನಾಂಗ ವರ್ಣನೆಯ ಗ್ರಂಥಗಳು ದಾಖಲಿಸಿವೆ. ರೈತನ ಪಾಲಿಗೆ ಈ ಬೇಟೆ ಕಾವಲಿನ ಇನ್ನೊಂದು ರೂಪವೇ ಆಗಿದ್ದಿರಬೇಕು. ಬ್ರಿಟಿಷ್ ಆಡಳಿತ 1871ರ ಕಾಯಿದೆಯ ಚೌಕಟ್ಟಿನಲ್ಲಿ ಇಂಥ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. 1952ರಲ್ಲಿ ಆ ಪಟ್ಟಿ ರದ್ದಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿಗರಿಯನ್ನು ಮೊದಲ ಅನುಸೂಚಿಯಲ್ಲಿ ಸೇರಿಸಿದಾಗ ಅವರ ವೃತ್ತಿಯೇ ಅಪರಾಧವಾಯಿತು. ಯುಗಾದಿಯ ಆಸುಪಾಸಿನಲ್ಲಿ ಜಿಲ್ಲೆಯ ಕೆಲವೆಡೆ ನಡೆಯುತ್ತಿದ್ದ ಮೊಲದ ಬೇಟೆಯೂ ಇದೇ ಕಾಯಿದೆಯ ಅಡಿಗೆ ಬರುತ್ತದೆ. ಕಾಯಿದೆ ಅವಶ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಬಂದೂಕು ಮತ್ತು ಜೀಪುಗಳ ಬೇಟೆ ಬಯಲುಸೀಮೆಯ ಮೃಗಗಳನ್ನು ಅಳಿವಿನ ಅಂಚಿಗೆ ತಂದಿತ್ತು. ಆದರೆ ಆ ಬೇಟೆಗೂ ಉರುಲಿನ ಬೇಟೆಗೂ ಕಾಯಿದೆಯ ಪುಸ್ತಕದಲ್ಲಿ ಅಂತರವಿರಲಿಲ್ಲ.

ಇಷ್ಟರಲ್ಲಿ ಹೊಲವೇ ಬೇರೆಯಾಗಿತ್ತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯತೊಡಗಿತು. 200 ಕಿಲೋಮೀಟರಿಗೂ ಉದ್ದವಾದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿ, ರಾಯಚೂರುಗಳಿಗೆ ಬಂದಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಜೋಳದ ಸೀಮೆ ಭತ್ತದ ಸೀಮೆಯಾಯಿತು. ಬರದ ನಾಡಿಗೆ ಇದು ತಂದ ಅನ್ನವನ್ನು ಕಡೆಗಣಿಸುವಂತಿಲ್ಲ. ಆದರೆ ಗದ್ದೆಯ ಬದುವಿನಲ್ಲಿ ಮರಕ್ಕೆ ಎಡೆಯಿಲ್ಲ. ನೆರಳು ಭತ್ತಕ್ಕೆ ಆಗದು, ಟೊಂಗೆಯ ಮೇಲೆ ಹಕ್ಕಿ ಕೂರುತ್ತದೆ. ಅಕ್ಕಡಿ ಸಾಲು ಹೋಯಿತು, ಕುಸುಬೆಯ ಅಂಚು ಹೋಯಿತು. ನೀರು ನಂಬಿ ಬಂದ ಕೊಕ್ಕರೆ, ಬಾತು, ಗೀಜಗಗಳು ಹೆಚ್ಚಿದವು; ಹುಲ್ಲುಗಾವಲನ್ನು ನಂಬಿದ ಜೀವಗಳು ಅಂಚಿಗೆ ಸರಿದವು. ಎಳ್ಳಮಾವಾಸ್ಯೆ ಉಳಿಯಿತು. ಆದರೆ ಅದರ ಕಾಲಕ್ಕೂ ಭತ್ತದ ಬೆಳೆಯ ಹಂತಕ್ಕೂ ಜೋಳಕ್ಕಿದ್ದ ಹೊಂದಾಣಿಕೆ ಉಳಿಯಲಿಲ್ಲ.

ಗಾಯರಾಣಗಳ ಕಥೆಯೂ ಇಂಥದೇ. ಊರ ದನಕ್ಕೂ ಚಿಗರಿಗೂ ಸಮಾನವಾಗಿದ್ದ ಈ ಹುಲ್ಲುಗಾವಲುಗಳನ್ನು ಒತ್ತುವರಿ ಒಂದು ಕಡೆಯಿಂದ, ಬಳ್ಳಾರಿ ಜಾಲಿ ಇನ್ನೊಂದು ಕಡೆಯಿಂದ ತಿಂದುಹಾಕಿದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ತರಲಾದ ಈ ಗಿಡದ ಕಾಯಿಯನ್ನು ತಿಂದ ದನಕುರಿಗಳೇ ಬೀಜವನ್ನು ಎಲ್ಲೆಡೆ ಹರಡಿದವು. ಹುಲ್ಲಿದ್ದಲ್ಲಿ ಮುಳ್ಳಿನ ಮೆಳೆ ಬೆಳೆಯಿತು; ಚಿಗರಿಗೆ ಅದು ಆಗದು, ಹಂದಿಗೆ ಹಗಲುಮನೆಯಾಯಿತು. ಬನ್ನಿಯ ಹತ್ತಿರದ ಸಂಬಂಧಿಯೇ ಆದ ಈ ಗಿಡಕ್ಕೆ ಬನ್ನಿಯ ಯಾವ ಹೊಂದಾಣಿಕೆಯೂ ಇಲ್ಲ. ರಾಣೆಬೆನ್ನೂರಿನಲ್ಲಿ ಹೀಗೆಯೇ ಬಯಲನ್ನು ನೀಲಗಿರಿ ನೆಡುತೋಪು ಆವರಿಸಿತು. 1974ರಲ್ಲಿ ಅದನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತಾದರೂ ಅಲ್ಲಿನ ಎರೆಭೂತ ಹಕ್ಕಿ ಉಳಿಯಲಿಲ್ಲ. ಎರೆಯ ನೆಲದ ಹೆಸರನ್ನೇ ಹೊತ್ತ ಈ ದೊಡ್ಡ ಹಕ್ಕಿ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಮಿಡತೆ ಹುಳುಗಳೊಡನೆ ಒಂದಿಷ್ಟು ಕಾಳನ್ನೂ ತಿನ್ನುತ್ತದೆ. ರಾಜ್ಯದಲ್ಲಿ ಅದರ ಕೊನೆಯ ನೆಲೆಯೆಂದು ಹೆಸರಾದುದು ತುಂಗಭದ್ರೆಯ ಆಚೆದಡದ ಸಿರುಗುಪ್ಪ ತಾಲೂಕು. ರಾಷ್ಟ್ರಪಕ್ಷಿಯ ಆಯ್ಕೆಯ ಸಂದರ್ಭದಲ್ಲಿ ಸಲೀಂ ಅಲಿ ಅವರು ಸೂಚಿಸಿದ್ದು ಈ ಹಕ್ಕಿಯನ್ನು. 1963ರಲ್ಲಿ ಗೌರವ ಸಂದದ್ದು ನವಿಲಿಗೆ. ಇಂದು ನವಿಲು ಹಿಂಡುಹಿಂಡಾಗಿ ಬಿತ್ತಿದ ಶೇಂಗಾ ಕೆದರುತ್ತಿದೆ.

ಮಾನ್ವಿ ಕಾಲುವೆಯ ಕೊನೆಯಂಚಿನ ಸೀಮೆ. ನೀರು ಮುಟ್ಟುವ ಗದ್ದೆಯ ಪಕ್ಕದಲ್ಲಿಯೇ ನೀರು ಮುಟ್ಟದ ಎರೆ ಮಸಾರಿಗಳಿವೆ. ಅಲ್ಲಿನ ತೊಗರಿ, ಕಡಲೆ, ಹತ್ತಿಗಳ ಮೇಲೆ ಬಯಲಿನ ಮೃಗಗಳ ಹಸಿವೆಲ್ಲ ಬಂದು ಬೀಳುತ್ತದೆ. ಕೃಷ್ಣೆಯ ಆಚೆ, ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಗಡಿಭಾಗದಲ್ಲಿಯೂ ರೈತರ ದೂರು ಇದೇ ಚಿಗರಿಯ ಮೇಲಿದೆ. ಮಂಚಿಕೆಯ ಮೇಲಿದ್ದ ಮಕ್ಕಳು ಶಾಲೆಗೆ ಹೋದರು, ಅದು ಆಗಬೇಕಾದುದೇ. ಅವರ ಜಾಗಕ್ಕೆ ಹಳೆಯ ಸೀರೆಯ ಬೇಲಿ, ಬ್ಯಾಟರಿಯ ಧ್ವನಿಪೆಟ್ಟಿಗೆ, ಹೊಳೆಯುವ ಪಟ್ಟಿ ಬಂದಿವೆ. ಎಲ್ಲೆಲ್ಲೋ ಕಳ್ಳ ಕರೆಂಟಿನ ತಂತಿಯೂ ಬಂದಿದ್ದು, ಅದಕ್ಕೆ ಹಂದಿಯೊಡನೆ ಮನುಷ್ಯರೂ ಬಲಿಯಾಗುತ್ತಾರೆ. ಕಟಾವಿನ ಯಂತ್ರ ನುಗ್ಗಿದ ಗದ್ದೆಯಲ್ಲಿ ಬೆಳ್ಳಕ್ಕಿಗಳು ಸಾಲುಗಟ್ಟಿ ನಡೆಯುತ್ತವೆ, ಹಕ್ಕಲಾಯುವ ಹೆಂಗಸರು ಕಾಣುವುದಿಲ್ಲ. ಹಕ್ಕಲು ಎಂಬ ಶಬ್ದವೂ ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ.

ಕಳೆದುಕೊಂಡದ್ದಕ್ಕೆ ಈಗ ಸರ್ಕಾರದ ಪರಿಹಾರವುಂಟು. ಮೃಗದ ಪಾಲನ್ನು ಇಡೀ ಸಮಾಜ ಹೊರಬೇಕೆಂಬ ತತ್ವ ಅದರಲ್ಲಿದೆ. ಕಣದಲ್ಲಿ ಅಳೆಯುತ್ತಿದ್ದ ಆಯಕ್ಕೆ ಅದು ದೂರದ ನೆಂಟ. ಅರ್ಜಿಯೊಡನೆ ಪಹಣಿ ಲಗತ್ತಿಸಬೇಕು. ಲಾವಣಿಗೆ ಹಾಕಿಕೊಂಡು ಉತ್ತವನ ಹೆಸರು, ಪಾಲಿಗೆ ಮಾಡಿದವನ ಹೆಸರು, ರಾತ್ರಿಯೆಲ್ಲ ಹೊಲ ಕಾಯ್ದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ.